ಕ್ಯೂಬ್ಸ್‌ಗೆ ಹೇಳಿ ಮಾಡಿಸಿದ ಲ್ಯಾಪ್‌ಟಾಪ್: ನೋವಾಕಸ್ಟಮ್ ಎನ್‌ವಿ41

ನಾನು ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ತೆರಿಗೆ ಲೆಕ್ಕ ನೋಡಿಕೊಡುತ್ತೇನೆ. ಬರುವವರಲ್ಲಿ ನಮ್ಮ ಕನ್ನಡದವರೇ ಜಾಸ್ತಿ. "ಅಕ್ಕ, ಪಾಸ್‌ಪೋರ್ಟು, ಸಂಬಳದ ಚೀಟಿ ಕಳಿಸಿದೀನಿ, ನೋಡಿ" ಅಂತ ರಾತ್ರಿ ಹನ್ನೊಂದಕ್ಕೂ ಮೇಲ್ ಬರುತ್ತದೆ. ಆ ಫೈಲ್ ಜೊತೆ ಇನ್ನೇನು ಅಂಟಿಕೊಂಡು ಬಂದಿದೆ ಅಂತ ಕಳಿಸಿದವರಿಗೂ ಗೊತ್ತಿರುವುದಿಲ್ಲ. ಒಬ್ಬರ ಫೈಲ್‌ನಿಂದ ಇನ್ನೊಬ್ಬರ ಕಾಗದಪತ್ರ ಸೋರಿಹೋಗಬಾರದು, ಅಲ್ವಾ? ಅದಕ್ಕೇ ಕ್ಯೂಬ್ಸ್ ಓಎಸ್ ಎಂಬ ಆಪರೇಟಿಂಗ್ ಸಿಸ್ಟಂ ಹಿಡಿದೆ. ಇದರಲ್ಲಿ ಝೆನ್ ಎಂಬ ತಳದ ತಂತ್ರಾಂಶದ ಮೇಲೆ ಬೇರೆ ಬೇರೆ ವರ್ಚುವಲ್ ಮಷೀನ್‌ಗಳು, ಅಂದರೆ ಒಂದೇ ಲ್ಯಾಪ್‌ಟಾಪ್‌ನೊಳಗೆ ಬೇರ್ಪಟ್ಟ ಪುಟ್ಟ ಕಂಪ್ಯೂಟರ್‌ಗಳು, ಓಡುತ್ತವೆ. ಬಂದ ಪಿಡಿಎಫ್ ಅನ್ನು ಒಂದೇ ಸಲ ಬಳಸಿ ಬಿಡುವ ಡಿಸ್ಪೋಸಬಲ್ ಮಷೀನ್ ಒಂದರಲ್ಲಿ ತೆರೆಯುತ್ತೇನೆ. ಮುಚ್ಚಿದ ಕೂಡಲೇ ಆ ಮಷೀನೇ ಅಳಿಸಿಹೋಗುತ್ತದೆ.

ಆದರೆ ಮೊದಲ ಲ್ಯಾಪ್‌ಟಾಪ್ ನನಗೆ ಕಣ್ಣೀರು ಹಾಕಿಸಿತು. ಕ್ಯೂಬ್ಸ್ ಬಳಸುವವರು ತಮ್ಮ ತಮ್ಮ ಯಂತ್ರದ ವರದಿ ಕಳಿಸಿ ಬೆಳೆಸಿದ ಒಂದು ಪಟ್ಟಿ ಇದೆ, ಎಚ್‌ಸಿಎಲ್ ಅಂತ. ಅದರಲ್ಲಿ 'ಎಲ್ಲ ಸರಿ' ಎಂದಿದ್ದ ಮಾಡೆಲ್ ನೋಡಿಯೇ ಕೊಂಡೆ. ಮುಚ್ಚಳ ಮುಚ್ಚಿ ತೆರೆದರೆ ವೈಫೈ ಇಲ್ಲ. ಕೆಲವು ಸಲ ಪರದೆಯೇ ಏಳುತ್ತಿರಲಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು: ಮಾಡೆಲ್ ಹೆಸರು ಅದೇ, ಒಳಗಿನ ವೈಫೈ ಕಾರ್ಡ್ ಬೇರೆ. ವರದಿ ಕಳಿಸಿದವರು ಸುಳ್ಳು ಹೇಳಿರಲಿಲ್ಲ. ಅವರು ಹೇಳಿದ್ದು ಅವರ ಮನೆಯ ಯಂತ್ರದ ಬಗ್ಗೆ.

ಸರ್ಟಿಫಿಕೇಟ್ ಇರುವ ಯಂತ್ರಕ್ಕೆ ಜಾಸ್ತಿ ದುಡ್ಡು ಕೊಡಲು ಒಪ್ಪಿದ್ದು ಈ ಕಾರಣಕ್ಕೆ. ಇಲ್ಲಿ ಕಂಪನಿ ತನ್ನ ಲ್ಯಾಪ್‌ಟಾಪನ್ನೇ ಕ್ಯೂಬ್ಸ್ ತಂಡಕ್ಕೆ ಕೊಡಬೇಕು. ಅವರು ಪರೀಕ್ಷೆ ಮಾಡಿ, ಒಪ್ಪಿದ ಜೋಡಣೆಗೆ ಮಾತ್ರ ಸರ್ಟಿಫಿಕೇಟ್ ಕೊಡುತ್ತಾರೆ. ನಾನು ಕೊಂಡ, ನೋವಾಕಸ್ಟಮ್ ಕಂಪನಿಯ ಎನ್‌ವಿ41ಗೆ ಅದು 2023ರಲ್ಲಿ ಸಿಕ್ಕಿತು. ಕ್ಯೂಬ್ಸ್ 4 ಸಾಲಿಗೆ ಅದು ಅನ್ವಯ. ಈಗ ಅದೇ ಕಂಪನಿಯ ವಿ54, ವಿ56 ಸಾಲುಗಳಿಗೂ ಇದೆ.

ಸರ್ಟಿಫಿಕೇಟ್‌ಗೆ ಬರೀ ಓಡಿದರೆ ಸಾಲದು ಎನ್ನುವುದು ನನಗೆ ಬಹಳ ಹಿಡಿಸಿತು. ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್ ಕೋರ್‌ಬೂಟ್‌ನಂಥ ತೆರೆದ ತಂತ್ರಾಂಶ ಆಗಿರಬೇಕು. ಇದರಲ್ಲಿರುವುದು ದಶಾರೋ, ಪೋಲೆಂಡಿನ ಗ್ಡಾನ್ಸ್ಕ್‌ನ 3ಎಂಡೆಬ್ ಕಂಪನಿ ಮಾಡಿದ್ದು. ಇನ್ನೊಂದು ಷರತ್ತು ಮೈಕ್‌ದು. ಮೈಕ್ ಯುಎಸ್‌ಬಿ ಕ್ಯಾಮೆರಾದೊಳಗೆ ಕೂತಿದ್ದರೆ, ಯುಎಸ್‌ಬಿ ನೋಡಿಕೊಳ್ಳುವ ಮಷೀನ್ ಕೆಟ್ಟವರ ಕೈಗೆ ಸಿಕ್ಕ ದಿನ ಮನೆ ಮಾತೆಲ್ಲ ಹೊರಗೆ. ಆದ್ದರಿಂದ ಹಾಗೆ ಕೂತ ಮೈಕನ್ನು ಸ್ವಿಚ್‌ನಂಥದ್ದರಿಂದ ಸುಲಭವಾಗಿ ಆಫ್ ಮಾಡಲು ಬರಬೇಕು, ಇಲ್ಲವೇ ಮೈಕ್ ಲ್ಯಾಪ್‌ಟಾಪ್‌ನೊಳಗಿನ ಪಿಸಿಐ ಆಡಿಯೊ ಚಿಪ್ ಮೂಲಕ ಬರಬೇಕು. ಆಗ ಅದು ಉಳಿದೆಲ್ಲ ಮಷೀನ್‌ಗಳನ್ನು ಆಳುವ ಡಾಮ್‌0 ಕೈಯಲ್ಲಿರುತ್ತದೆ. ನಾನು ಕೊಟ್ಟರೆ ಮಾತ್ರ ಬೇರೆ ಮಷೀನ್‌ಗೆ ಹೋಗುತ್ತದೆ. ಜನ ತಮ್ಮ ಸಾಲ, ಡೈವೋರ್ಸ್, ಎಲ್ಲವನ್ನೂ ನನ್ನ ಮೇಜಿನ ಎದುರು ಕೂತೇ ಹೇಳುತ್ತಾರೆ. ಇಂಥದ್ದನ್ನು ಯಾರೋ ಮೊದಲೇ ಯೋಚಿಸಿದ್ದಾರೆ ಅಂತ ತಿಳಿದು ಮನಸ್ಸು ಹಗುರಾಯಿತು.

ನಾನು ತೆಗೆದುಕೊಂಡದ್ದು 14 ಇಂಚು, ಐ7-1260ಪಿ, 32 ಜಿಬಿ ರ‍್ಯಾಮ್. ಇನ್‌ಸ್ಟಾಲ್ ಆದ ಮೇಲೆ ಯಂತ್ರ ತಪಾಸಣೆ ಮಾಡುವ ಕ್ಯೂಬ್ಸ್-ಎಚ್‌ಸಿಎಲ್-ರಿಪೋರ್ಟ್ ಓಡಿಸಿದೆ. ಮಷೀನ್‌ಗಳನ್ನು ಬೇರೆ ಬೇರೆಯಾಗಿಡಲು ಪ್ರೊಸೆಸರ್‌ನಲ್ಲಿ ಇರಬೇಕಾದ ಎಚ್‌ವಿಎಂ, ಐಒಎಂಎಂಯು ಎರಡೂ 'ಆಕ್ಟಿವ್'. ಮುಚ್ಚಳ ಮುಚ್ಚಿದೆ, ಚಹಾ ಕುಡಿದು ಬಂದು ತೆರೆದೆ. ಪರದೆ ಎದ್ದಿತು, ವೈಫೈಯೂ ಎದ್ದಿತು. ಆ ಸಂಜೆ ಇನ್ನೂ ನಾಲ್ಕು ಸಲ ಸುಮ್ನೆ ಮುಚ್ಚಿ ತೆರೆದು ನೋಡಿದೆ.

ಕನ್ನಡಕ್ಕೆ ಸ್ವಲ್ಪ ಕೆಲಸ ಇದೆ. ನನ್ನ ಡೆಬಿಯನ್ ಮಿನಿಮಲ್ ಟೆಂಪ್ಲೇಟ್‌ನಲ್ಲಿ (ಬಳಸುವ ಮಷೀನ್‌ಗಳು ತಂತ್ರಾಂಶ ಪಡೆಯುವ ಮೂಲ ಅಚ್ಚು ಇದು) ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಂಡವು. ನೋಟೋ ಕನ್ನಡ ಫಾಂಟನ್ನು ಟೆಂಪ್ಲೇಟ್‌ಗೇ ಹಾಕಿ, ಅದರ ಮೇಲೆ ಓಡುವ ಮಷೀನ್‌ಗಳನ್ನು ಮತ್ತೆ ಶುರು ಮಾಡಬೇಕು. ಬಳಸುವ ಮಷೀನ್‌ನೊಳಗೇ ಹಾಕಿದರೆ ಮುಂದಿನ ಸಲ ಇರುವುದಿಲ್ಲ.

ವಿಡಿಯೊ ಜಾಸ್ತಿ ನೋಡುವವರಿಗೆ, ಆಟ ಆಡುವವರಿಗೆ ಇದನ್ನು ಹೇಳಲಾರೆ. ಕ್ಯೂಬ್ಸ್ ತನ್ನ ಮಷೀನ್‌ಗಳಿಗೆ ಗ್ರಾಫಿಕ್ಸ್ ಚಿಪ್ ಕೊಡುವುದಿಲ್ಲ, ಚಿತ್ರವೆಲ್ಲ ಪ್ರೊಸೆಸರ್ ತಲೆಮೇಲೆ. ಪ್ರೊಸೆಸರ್‌ನ ಒಂದೇ ಕೋರ್‌ನಲ್ಲಿ ಎರಡು ಕೆಲಸ ನಡೆಸುವ ಹೈಪರ್‌ಥ್ರೆಡಿಂಗನ್ನೂ ಭದ್ರತೆಗಾಗಿ ಆಫ್ ಮಾಡಿಟ್ಟಿರುತ್ತದೆ. ನನ್ನಂತೆ ಕಾಗದಪತ್ರದ ಕೆಲಸ ಇರುವವರು ಧೈರ್ಯವಾಗಿ ಕೊಳ್ಳಿ. ಕ್ಯೂಬ್ಸ್ 16 ಜಿಬಿ ಸಾಕು ಎನ್ನುತ್ತದೆ. ಮಾರ್ಚ್, ಏಪ್ರಿಲ್‌ನ ತೆರಿಗೆ ಸಮಯದಲ್ಲಿ ನನಗೆ ಹನ್ನೆರಡು ಮಷೀನ್ ಒಟ್ಟಿಗೆ ಬೇಕಾಗುತ್ತವೆ, ಹಾಗಾಗಿ 32ಕ್ಕಿಂತ ಕಡಿಮೆ ಬೇಡ. ಆರ್ಡರ್ ಮಾಡುವಾಗ ಸರ್ಟಿಫಿಕೇಟ್‌ನಲ್ಲಿರುವ ಜೋಡಣೆಯನ್ನು ಎದುರಿಗೆ ಇಟ್ಟುಕೊಂಡು, ವೈಫೈ ಕಾರ್ಡ್‌ನ ಹೆಸರಿನವರೆಗೂ ಹೋಲಿಸಿ ನೋಡಿ.