ಫ್ರೆಂಚ್ ಕಲಿಯಲು ಪುದುಚೇರಿಯೋ, ತೂರೋ, ವಿಶಿಯೋ?

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ಫ್ರಾನ್ಸಿಗೆ ಓದಲು ಹೊರಡುವ ಹುಡುಗ ಹುಡುಗಿಯರು ಈಗೀಗ ಕೇಳುತ್ತಿರುತ್ತಾರೆ: "ಅಣ್ಣಾ, ಭಾಷೆ ಕಲಿಯಲಿಕ್ಕೆ ಎಲ್ಲಿಗೆ ಹೋದರೆ ಒಳ್ಳೆದು?" ಪುದುಚೇರಿ, ಲುವಾರ್ ನದಿ ದಡದ ತೂರ್, ನಡು ಫ್ರಾನ್ಸಿನ ವಿಶಿ, ಈ ಮೂರೂ ಕಡೆ ಕೂತು ಕಲಿತ ಮೇಲೆ ನಾನು ಹೇಳುವುದು ಇಷ್ಟು: ಶಾಲೆ ಯಾವುದೆಂದು ಆಮೇಲೆ ನೋಡಿ, ರಾತ್ರಿ ಯಾರ ಜೊತೆ ಊಟಕ್ಕೆ ಕೂರುತ್ತೀರಿ ಎಂಬುದನ್ನು ಮೊದಲು ನೋಡಿ.

ಖರ್ಚಿನ ಲೆಕ್ಕದಲ್ಲಿ ಪುದುಚೇರಿಗೆ ಸಾಟಿಯಿಲ್ಲ. ಮಂಗಳೂರಿನಿಂದ ಹೊರಡುವ ಪುದುಚೇರಿ ರೈಲು ಕಾಸರಗೋಡಿನ ಮೇಲೆಯೇ ಹೋಗುತ್ತದೆ, ವೀಸಾದ ತಾಪತ್ರಯವಿಲ್ಲ. ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾಂಸೇಸ್ ಅಲ್ಲಿ 1889ರಿಂದ ಇದೆ. ನನಗೆ ವ್ಯಾಕರಣ ಗಟ್ಟಿಯಾಗಿ ಕೂತದ್ದು ಪುದುಚೇರಿಯಲ್ಲೇ. ಆದರೆ ತರಗತಿಯಿಂದ ಹೊರಗೆ ಕಾಲಿಟ್ಟರೆ ಎಲ್ಲ ತಮಿಳು. ಬೀದಿಯ ಫಲಕದಲ್ಲಿ ಫ್ರೆಂಚ್ ಹೆಸರು ಇರುತ್ತದೆ, ಆಟೋದವರಿಗೂ ಮೆಸ್ಸಿನವರಿಗೂ ಅದು ಬೇಕಿಲ್ಲ. ಕಿವಿಗೆ ಫ್ರೆಂಚ್ ಬೀಳುವುದು ಪಾಠದ ಹೊತ್ತಿನಲ್ಲಿ ಮಾತ್ರ.

ತೂರ್ ಬಗ್ಗೆ ಒಂದು ಹಳೆಯ ಪ್ರತೀತಿ ಇದೆ, ಫ್ರಾನ್ಸಿನಲ್ಲೇ ಅತಿ ಶುದ್ಧ ಉಚ್ಚಾರ ಅಲ್ಲಿಯದು ಅಂತ. ಹೊರದೇಶದವರಿಗೆ ಭಾಷೆ ಕಲಿಸುವ ಕೆಲಸ ಆ ಊರಲ್ಲಿ 1912ರಿಂದಲೂ ನಡೆದು ಬಂದಿದೆ. ನನ್ನ ನಾಲಗೆ ತಿದ್ದಿದ್ದು ಅಲ್ಲಿನ ಅಧ್ಯಾಪಿಕೆ. ದ್ರಾಕ್ಷಾರಸಕ್ಕೆ 'ವ್ಯಾಂ', ಗಾಳಿಗೆ 'ವಾಂ', ಅವರು ಹೋಗುತ್ತಾರೆ ಅನ್ನಲು 'ವೋಂ'. ನಾವು ಕನ್ನಡದವರು ಸೊನ್ನೆ ಕಂಡ ಕೂಡಲೇ ತುಟಿ ಮುಚ್ಚಿ 'ಮ್' ಅಂದುಬಿಡುತ್ತೇವೆ. ಅವರು ಕೈಗೆ ಒಂದು ಸಣ್ಣ ಕನ್ನಡಿ ಕೊಟ್ಟು, ತುಟಿ ಕೂಡದಂತೆ ನೋಡಿಕೊಂಡು ಹೇಳು ಅನ್ನುತ್ತಿದ್ದರು. ಇಷ್ಟು ಚೆನ್ನಾದ ಪಾಠ ನನಗೆ ಬೇರೆಲ್ಲೂ ಸಿಗಲಿಲ್ಲ. ಉಳಿದುಕೊಂಡದ್ದು ಮಾತ್ರ ವಿದ್ಯಾರ್ಥಿ ವಸತಿಯಲ್ಲಿ. ಬ್ರೆಜಿಲ್, ಕೊರಿಯಾ, ಜಪಾನಿನವರೆಲ್ಲ ಒಂದೇ ಅಡುಗೆಮನೆಗೆ ಬರುತ್ತಿದ್ದರು, ಎಲ್ಲರಿಗೂ ಬರುವ ಭಾಷೆ ಇಂಗ್ಲಿಷ್. ಅನ್ನ ಸಾರು ಮಾಡಿಕೊಂಡು ಸುಖವಾಗಿದ್ದೆ, ಸಂಜೆಯ ಹೊತ್ತೆಲ್ಲ ಇಂಗ್ಲಿಷಿಗೆ ಹೋಯಿತು.

ವಿಶಿ ಚಿಕ್ಕ ಊರು, ಖನಿಜ ಜಲದ ಬುಗ್ಗೆಗಳಿಗೆ ಹೆಸರಾದದ್ದು. 2021ರಲ್ಲಿ ಯುರೋಪಿನ ಇಂಥ ಬೇರೆ ಊರುಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿನ ಕಾವಿಲಾಂ ಎಂಬ ಭಾಷಾ ಕೇಂದ್ರ 1964ರದ್ದು. ನನ್ನನ್ನು ಮನೆಯಲ್ಲಿ ಇಟ್ಟುಕೊಂಡವರು ನಿವೃತ್ತ ದಂಪತಿ. ಬೆಳಗಿನ ತಿಂಡಿ, ರಾತ್ರಿಯ ಊಟ ಅವರ ಜೊತೆಯಲ್ಲೇ.

ಆ ಊಟದ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೊದಲು ಸೂಪು, ಆಮೇಲೆ ದೊಡ್ಡ ಪದಾರ್ಥ, ಆಮೇಲೆ ಚೀಸು, ಕೊನೆಗೆ ಹಣ್ಣು. ನಡುನಡುವೆ ಮಾತೋ ಮಾತು. ಫ್ರೆಂಚಿನಲ್ಲಿ ಸ್ತ್ರೀಲಿಂಗದ ಪದಕ್ಕೆ ಮುಂದೆ 'ಲಾ', ಪುಲ್ಲಿಂಗಕ್ಕೆ 'ಲ'. ನಾನು 'ಲಾ ಪ್ರೊಬ್ಲೆಮ್' ಅಂದರೆ ಮನೆಯಾಕೆ ತಪ್ಪು ಅನ್ನುತ್ತಿರಲಿಲ್ಲ, 'ಹೌದಾ, ಲ ಪ್ರೊಬ್ಲೆಮ್ ಏನು?' ಎಂದು ಮಾತು ಮುಂದುವರಿಸುತ್ತಿದ್ದರು. ಲಿಂಗ ತಾನಾಗಿ ತಿದ್ದಿಹೋಗುತ್ತಿತ್ತು. ಒಂದು ರಾತ್ರಿ ನಮ್ಮ ಅಡಿಕೆ ತೋಟದ ಮಾತು ಬಂತು. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿ ಹೊಡೆಯುತ್ತೇವೆ ಎಂದು ತಡವರಿಸಿಕೊಂಡು ಹೇಳುತ್ತಿದ್ದೆ. ಯಜಮಾನರು ಎದ್ದು ಹೋಗಿ ತಮ್ಮ ಟೊಮೆಟೊ ಗಿಡಗಳಿಗೆ ಹೊಡೆಯುವ ನೀಲಿ ಪುಡಿಯ ಪೊಟ್ಟಣ ತಂದು ಮೇಜಿನ ಮೇಲಿಟ್ಟರು. ಮೈಲುತುತ್ತು, ಸುಣ್ಣದ ನಮ್ಮ ಬೋರ್ಡೋ ಮದ್ದೇ! 1880ರ ದಶಕದಲ್ಲಿ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಗೆಂದು ಹುಟ್ಟಿದ ಮದ್ದು ಅದು. ಮರ ಹತ್ತುವುದು ಹೇಗೆ, ಗೊನೆಗೆ ಹೊಡೆಯುವುದು ಹೇಗೆ ಎಂದು ಅವರು ಕೇಳುತ್ತಲೇ ಹೋದರು, ನಾನು ಹೇಳುತ್ತಲೇ ಹೋದೆ. ತರಗತಿಯಲ್ಲಿ ಅಷ್ಟು ಹೊತ್ತು ನಾನು ಎಂದೂ ಮಾತಾಡಿದ್ದಿಲ್ಲ. ನಾವು ಅಂಗಳದಲ್ಲಿ ಆಡುತ್ತಾ ತುಳು ಕಲಿತ ಹಾಗೆ ಭಾಷೆ ಬಂದದ್ದು ಆ ಮನೆಯಲ್ಲಿ.

ಸಸ್ಯಾಹಾರಿಗಳಿಗೆ ಭಯ ಬೇಡ. ಆ ಸೀಮೆಯ ಲ ಪ್ಯುಯಿ ಊರಿನ ಹಸಿರು ಬೇಳೆ ರುಚಿಯಾಗಿರುತ್ತದೆ, ಆಲೂಗಡ್ಡೆಗೆ ಬರವಿಲ್ಲ. ಕಟ್ಟುನಿಟ್ಟಿನವರು ಚೀಸಿನ ವಿಷಯ ವಿಚಾರಿಸಿಕೊಳ್ಳಬೇಕು, ಅಲ್ಲಿನ ಸಾಂಪ್ರದಾಯಿಕ ಚೀಸುಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ದ್ರವ್ಯ ಬಳಸುತ್ತಾರೆ.

ಹಾಗಂತ ಅಕ್ಷರ ಗೊತ್ತಿಲ್ಲದೆ ನೇರ ವಿಶಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಊಟದ ಮಾತು ಒಂದಿಷ್ಟಾದರೂ ತಿಳಿಯದಿದ್ದರೆ ಯೂರೋ ಸುರಿದದ್ದು ವ್ಯರ್ಥ. ಭಾಷೆಯ ಮಟ್ಟವನ್ನು ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲಾಗಿ ಅಳೆಯುತ್ತಾರೆ; ಎರಡನೆಯದಾದ ಎ-2ರವರೆಗೆ ಪುದುಚೇರಿಯಲ್ಲೋ ಬೆಂಗಳೂರಿನಲ್ಲೋ ಮುಗಿಸಿಕೊಳ್ಳಿ. ಫ್ರಾನ್ಸಿನ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್ ಮಾಧ್ಯಮದ ಪದವಿಗೆ ಸಾಮಾನ್ಯವಾಗಿ ನಾಲ್ಕನೆಯ ಮೆಟ್ಟಿಲಾದ ಬಿ-2 ಕೇಳುತ್ತಾರೆ, ಆ ಎತ್ತರ ಏರಲು ಫ್ರೆಂಚ್ ಮನೆಯವರ ಸಹವಾಸ ಬೇಕು. ಈ ಮಟ್ಟ ತೋರಿಸುವ ಡೆಲ್ಫ್ ಎಂಬ ಫ್ರೆಂಚ್ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು, ಆ ಪ್ರಮಾಣಪತ್ರಕ್ಕೆ ಅವಧಿ ಇಲ್ಲ. ಟಿಸಿಎಫ್ ಎಂಬ ಇನ್ನೊಂದು ಪರೀಕ್ಷೆಯದ್ದಾದರೆ 2 ವರ್ಷ ಮಾತ್ರ. 90 ದಿನದೊಳಗಿನ ಕೋರ್ಸಿಗೆ ಷೆಂಗೆನ್ ಎಂಬ ಅಲ್ಪಾವಧಿಯ ವೀಸಾ ಸಾಕು. ಅದಕ್ಕಿಂತ ಹೆಚ್ಚಾದರೆ ವಿದ್ಯಾರ್ಥಿ ವೀಸಾ, ತಿಂಗಳ ಖರ್ಚಿಗೆ ಬೇಕಾದಷ್ಟು ಹಣ ಇದೆಯೆಂದು ತೋರಿಸಬೇಕು.

ವಸತಿಯ ಅರ್ಜಿ ತುಂಬುವಾಗ ಮೂರು ವಿಷಯ ಬರೆದು ಕೇಳಿ: ಮನೆಯವರು ನಮ್ಮ ಜೊತೆಯೇ ಊಟಕ್ಕೆ ಕೂರುತ್ತಾರೆಯೇ, ಆ ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಬೇರೆ ವಿದ್ಯಾರ್ಥಿಗಳು ಇದ್ದಾರೆಯೇ, ಮಾಂಸವಿಲ್ಲದ ಅಡುಗೆ ಒಪ್ಪಿಗೆಯೇ. ಉತ್ತರ ಕೈಗೆ ಬಂದ ಮೇಲೆಯೇ ಮುಂಗಡ ಕಟ್ಟಿ.