ಗದ್ದೆ ಟ್ರ್ಯಾಕ್ಟರನ್ನೇ ಭಾರ ಎಳೆಯುವ ಸ್ಪರ್ಧೆಗೆ ರೆಡಿ ಮಾಡಿದ್ದು: ಟಯರಿಗೆ ನೀರು, ಮುಂದಿನ ವೇಟು, ಹುಕ್ಕು, ಕೆಲವು ವರ್ಷ ಬಳಸಿದ ಮೇಲೆ

ಗಾಡಿ 45 ಎಚ್‌ಪಿ, ಟೂ ವೀಲ್ ಡ್ರೈವ್, ಹಿಂದೆ 13.6-28 ಟಯರು, ಆಯಿಲ್ ಬ್ರೇಕು. ಬ್ರಹ್ಮಾವರದ ಹತ್ರ ನಮ್ಮ ಗದ್ದೆ. ಮಳೆಗಾಲದಲ್ಲಿ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಕೆಸರು ಉಳುಮೆ, ಬೇಸಗೆಯಲ್ಲಿ ಟ್ರೈಲರಿಗೆ ಕೆಂಪು ಕಲ್ಲು, ಗೊಬ್ಬರ, ಬೈಹುಲ್ಲು. ಏಣಿಲು, ಅಂದ್ರೆ ಮಳೆಗಾಲದ ಬೆಳೆಯ ಕೊಯ್ಲು ಮುಗಿದು ಬೆಟ್ಟು ಗದ್ದೆ (ಎತ್ತರದ ಗದ್ದೆ) ಒಣಗಿದ ಮೇಲೆ ಊರಿನವ್ರೇ ಸೇರಿ ಕಬ್ಬಿಣದ ಹಲಗೆ ಮೇಲೆ ಕೆಂಪು ಕಲ್ಲು ಪೇರಿಸಿ ಇದೇ ಗಾಡಿಯಲ್ಲಿ ಎಳೆಸ್ತೇವೆ.

ಮೊದ್ಲೇ ಹೇಳ್ತೇನೆ, ಎಂಜಿನಿಗೆ ನಾವು ಕೈ ಹಾಕ್ಲಿಲ್ಲ, ಮುಂದೆಯೂ ಹಾಕೂದಿಲ್ಲ. ಎಲ್ರೂ ಕೇಳೂದು ಡೀಸೆಲ್ ಜಾಸ್ತಿ ಹೋಗುವ ಹಾಗೆ ಪಂಪ್ ಏರಿಸಿದ್ರಾ, ಟರ್ಬೋ ಕೂರಿಸಿದ್ರಾ ಅಂತ. ಆದ್ರೆ ಒಣ ಗದ್ದೆಯಲ್ಲಿ ಈ ಸೈಜಿನ ಗಾಡಿ ನಿಲ್ಲೂದು ಎಂಜಿನ್ ಸೋತು ಅಲ್ಲ, ಟಯರು ನಿಂತಲ್ಲೇ ತಿರುಗಿ ಮಣ್ಣು ಕೆದರಿ. ಲೋ ಗೇರಲ್ಲಿ ಎಳೆಯುವ ತಾಕತ್ತು ಬೇಕಾದಷ್ಟು ಉಂಟು, ಅದನ್ನು ನೆಲಕ್ಕೆ ಇಳಿಸೂದೇ ಕೆಲಸ. ಪಂಪ್ ಏರಿಸಿದ್ರೆ ಕಪ್ಪು ಹೊಗೆ, ಹೀಟು, ಕ್ಲಚ್ಚಿಗೆ ಪೆಟ್ಟು, ಮತ್ತೆ ಮರುದಿನ ಇದೇ ಗಾಡಿ ಕೆಲಸಕ್ಕೆ ಹೋಗ್ಬೇಕಲ್ವಾ.

ಹಾಗಾಗಿ ನನ್ನ ಪ್ರಕಾರ ಎಲ್ಲದಕ್ಕಿಂತ ಲಾಭದ ಕೆಲಸ ಹಿಂದಿನ ಟಯರಿಗೆ ನೀರು ತುಂಬಿಸೂದು, ಖರ್ಚು ಇಲ್ಲ ಅಂತ್ಲೇ ಹೇಳ್ಬಹುದು. ಜಾಕಿ ಕೊಟ್ಟು ಚಕ್ರ ಎತ್ತಿ, ವಾಲ್ವ್ ಮೇಲೆ ಬರುವ ಹಾಗೆ ತಿರುಗಿಸಿ, ಒಳಗಿನ ಪಿನ್ನು ಬಿಚ್ಚಿ ಪೈಪ್ ಸಿಕ್ಕಿಸ್ಬೇಕು. ಮಧ್ಯೆ ಮಧ್ಯೆ ಪೈಪ್ ತೆಗ್ದು ಗಾಳಿ ಬಿಡದಿದ್ರೆ ನೀರು ಒಳಗೆ ಹೋಗೂದೇ ಇಲ್ಲ. ತೆಗ್ದಾಗ ಮೊದ್ಲು ಬುಸ್ ಅಂತ ಬರೀ ಗಾಳಿ, ಆಮೇಲೆ ಗಾಳಿ ಜತೆ ಮುಖಕ್ಕೆ ಹನಿ ಹಾರ್ತದೆ, ಕೊನೆಗೆ ನೀರೇ ಸೋರ್ಲಿಕ್ಕೆ ಶುರುವಾದ್ರೆ ಮುಕ್ಕಾಲು ಭಾಗ ತುಂಬಿತು ಅಂತ ಲೆಕ್ಕ, ಉಳಿದ ಜಾಗಕ್ಕೆ ಗಾಳಿ. ಈ ಸೈಜಿನ ಟಯರಿಗೆ ಒಂದೊಂದಕ್ಕೆ 200 ಲೀಟರಿನ ಹತ್ರ ಹಿಡೀತದೆ, ಎರಡೂ ಸೇರಿ 400 ಕೆಜಿ ಆಸುಪಾಸು, ಅದೂ ಬೇಕಾದ ಜಾಗದಲ್ಲೇ. ಚಳಿ ದೇಶದವ್ರು ಹೆಪ್ಪುಗಟ್ಟಬಾರ್ದು ಅಂತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸ್ತಾರೆ, ಅದು ಸೋರಿದ್ರೆ ರಿಮ್ಮನ್ನೇ ತಿಂತದೆ. ನಮ್ಗೆ ಬಾವಿ ನೀರು ಸಾಕು, ಕಡಲ ಬದಿಯವ್ರು ಉಪ್ಪು ನೀರಿನ ಬಾವಿ ಇದ್ರೆ ಅದು ಮಾತ್ರ ಬೇಡ.

ತೊಂದರೆ ಎಂತ ಅಂದ್ರೆ ಇದೇ ತೂಕ ಕೆಸರು ಗದ್ದೆಗೆ ಆಗಿಬರೂದಿಲ್ಲ. ನೀರು ಹಾಗೇ ಇಟ್ಟು ಮಜಲು ಗದ್ದೆಗೆ (ಬೆಟ್ಟಿಗಿಂತ ತಗ್ಗಿನ ಗದ್ದೆ) ಇಳಿಸಿದ್ರೆ ಆಕ್ಸಲ್ ವರೆಗೆ ಹೂತು ಹೋಗ್ಬಹುದು, ಗದ್ದೆ ಅಡಿಯ ಗಟ್ಟಿ ಪದರವೂ ಹಾಳು. ಅದಕ್ಕೆ ಮುಂಗಾರಿಗೆ ಮೊದ್ಲು ನೀರು ಖಾಲಿ, ಮೂತಿಗೆ ತೂಕಕ್ಕೆ ಅಂತ ಹಾಕಿದ ಮುಂದಿನ ಪ್ಲೇಟೂ ಕೆಳಗೆ, ಕೊಯ್ಲಾದ ಮೇಲೆ ವಾಪಸ್. ವರ್ಷಾ ವರ್ಷಾ ಇದು ಬೇಜಾರಿನ ಕೆಲಸ ಹೌದು, ಪಂಕ್ಚರ್ ಹಾಕುವವ್ರೂ ನೀರಿನ ಟಯರು ಅಂದ್ರೆ ಮುಖ ತಿರುಗಿಸ್ತಾರೆ, ಆದ್ರೂ ಮಾಡ್ಲೇಬೇಕು.

ಮುಂದಿನ ಪ್ಲೇಟ್ ಯಾಕೆ ಅಂತ ಕೆಲವ್ರು ಕೇಳಿದ್ರು, ಎಳೆಯೂದು ಹಿಂದಿನ ಚಕ್ರ ಅಲ್ವಾ ಅಂತ. ಲೆಕ್ಕ ಸುಲಭ ಉಂಟು. ಹುಕ್ಕು ನೆಲದಿಂದ ಅರ್ಧ ಮೀಟರ್ ಎತ್ತರ, ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ಅಂತರ) 2 ಮೀಟರ್, ಎಳೆತ 1200 ಕೆಜಿ ಅಂತ ಹಿಡೀರಿ, ಆಗ ಮುಂದಿನಿಂದ 300 ಕೆಜಿ ಭಾರ ಹಿಂದಿನ ಚಕ್ರಕ್ಕೆ ಹೋಗಿ ಕೂತ್ಕೊಳ್ತದೆ. ಹುಕ್ಕು ಮೇಲೆ ಹೋದಷ್ಟೂ ಹಿಂದೆ ಹಿಡಿತ ಜಾಸ್ತಿ, ಆದ್ರೆ ಮುಂದೆ ತೂಕ ಇಲ್ಲದಿದ್ರೆ ಮೂತಿ ಎದ್ದು ಸ್ಟೇರಿಂಗ್ ಕೆಲಸವೇ ಮಾಡೂದಿಲ್ಲ, ಎಡ ಬಲದ ಬ್ರೇಕ್ ಪೆಡಲ್ ಬೇರೆ ಬೇರೆ ಒತ್ತಿ ನೇರ ಮಾಡ್ಬೇಕಾಗ್ತದೆ. ಮುಂದಿನ ಚಕ್ರ ನೆಲ ಸವರಿಕೊಂಡು ಹೋಗುವಷ್ಟು ಹಗುರ ಆದ್ರೆ ಅದೇ ಸರಿಯಾದ ಸೆಟ್ಟಿಂಗ್. ಹೊರದೇಶದ ಸ್ಪರ್ಧೆಯಲ್ಲಿ ಕಂಬಳದ ಕಿರಿಯ ಹಿರಿಯ ವಿಭಾಗದ ಹಾಗೆ ತೂಕದ ಕ್ಲಾಸ್ ಇರ್ತದೆ, ಯುರೋಪಲ್ಲಿ 100 ಮೀಟರ್ ಎಳೆದ್ರೆ ಪೂರ್ತಿ ಎಳೆದ ಹಾಗೆ, ಮತ್ತೆ ಅವ್ರ ಹಲಗೆಯಲ್ಲಿ ಭಾರದ ಪೆಟ್ಟಿಗೆ ಮುಂದೆ ಮುಂದೆ ಸರೀತಾ ಬರ್ತದೆ, ಹೋದಷ್ಟೂ ಎಳೆತ ಗಟ್ಟಿ. ನಾವು ಅವ್ರ ಹಳೇ ಪದ್ಧತಿಯ ಹಾಗೆ ದಾರಿಯಲ್ಲಿ ಜನ ಹತ್ತಿಸಿ ಭಾರ ಏರಿಸೂದಿಲ್ಲ, ಕಾಲು ಹಲಗೆ ಅಡಿಗೆ ಹೋದ್ರೆ ಕಥೆ ಮುಗೀತು, ಬರೀ ಕಲ್ಲು ಮಾತ್ರ.

ಸರಪಳಿಯನ್ನು ಯಾವ ಕಾರಣಕ್ಕೂ ಟಾಪ್ ಲಿಂಕಿನ ಜಾಗಕ್ಕೆ (ಹಿಂದೆ ಮೇಲ್ಗಡೆ ನೇಗಿಲು ಸಿಕ್ಕಿಸುವ ಕೊಂಡಿ) ಕಟ್ಬೇಡಿ, ದಯವಿಟ್ಟು. ಆಕ್ಸಲಿಗಿಂತ ಮೇಲಿಂದ ಎಳೆದ್ರೆ ಗಾಡಿ ಹಿಂದಕ್ಕೆ ಮಗುಚಿ ಡ್ರೈವರ್ ಮೇಲೆ ಬೀಳ್ತದೆ, ಕ್ಲಚ್ ಒತ್ಲಿಕ್ಕೂ ಟೈಮ್ ಸಿಗೂದಿಲ್ಲ. ಹಿಂದೆ ಕೆಳಗಿರುವ ಎಳೆಯುವ ಪಟ್ಟಿ, ಡ್ರಾಬಾರಲ್ಲೇ ಎಳೀಬೇಕು, ಹಿಂದೆ ಮಗುಚದ ಹಾಗೆ ಎರಡು ಸಪೋರ್ಟ್ ಬೇಕು, ರೋಲ್ ಬಾರ್ (ಮಗುಚಿದ್ರೆ ಡ್ರೈವರನ್ನು ಕಾಯುವ ಕಬ್ಬಿಣದ ಚೌಕಟ್ಟು) ಇದ್ರೆ ಬೆಲ್ಟ್ ಹಾಕಿ. ಪಂಜಾಬ್ ಕಡೆ ಎರಡು ಟ್ರ್ಯಾಕ್ಟರ್ ಬೆನ್ನಿಗೆ ಬೆನ್ನು ಕಟ್ಟಿ ಎಳೆಸುವ ವಿಡಿಯೋ ನೋಡಿ ಹುಡುಗ್ರು ಕೇಳ್ತಾರೆ, ಅದನ್ನು ನಮ್ಮ ಗದ್ದೆಗೆ ನಾನು ಬಿಡೂದಿಲ್ಲ. ಸ್ಟಂಟ್ ಮಾಡ್ಲಿಕ್ಕೆ ಹೋಗಿ ಒಬ್ಬ ಯುವಕ ತೀರಿಹೋದ ಮೇಲೆ 2023ರಲ್ಲಿ ಅಲ್ಲಿನ ಸರ್ಕಾರವೇ ಟ್ರ್ಯಾಕ್ಟರ್ ಸ್ಟಂಟಿಗೆ ನಿಷೇಧ ಹಾಕಿತು.

ಇಷ್ಟು ಸಮಯದಲ್ಲಿ ಸವೆದದ್ದು: ಮುಂದಿನ ಆಕ್ಸಲಿನ ಸೆಂಟರ್ ಪಿನ್ ಬುಷ್, ಮತ್ತೆ ಪ್ಲೇಟ್ ಹಿಡಿಯುವ ಬ್ರಾಕೆಟ್. ಬ್ರಾಕೆಟ್ ಲೋಕಲ್ ಮಾಡಿಸಿದ್ದು, ವೆಲ್ಡಿಂಗ್ ಹತ್ರ ಕೂದಲೆಳೆ ಬಿರುಕು ಬಂತು, ದಪ್ಪ ಪ್ಲೇಟಲ್ಲಿ ಹೊಸದು ಮಾಡಿಸಿ ಆಯ್ತು. ಕ್ಲಚ್ ಪ್ಲೇಟ್ ಇನ್ನೂ ಗಾಡಿ ಜತೆ ಬಂದದ್ದೇ. ಸರಪಳಿ ಬಿಗಿ ಮಾಡಿ, ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಡಿಫ್ ಲಾಕ್ ಮೊದ್ಲೇ ಹಾಕಿ, ಕ್ಲಚ್ ಅರ್ಧ ಹಿಡಿಯದೆ ಪೂರ್ತಿ ಬಿಟ್ಟು ಆಮೇಲೆ ಎಕ್ಸಲೇಟರ್ ಕೊಟ್ರೆ ಅದಕ್ಕೆ ಎಂತದೂ ಆಗೂದಿಲ್ಲ.

ಟಯರಿನ ಗುಬ್ಬಿ (ಮಣ್ಣು ಹಿಡಿಯುವ ಉಬ್ಬು) ಈಗ ಅರ್ಧ ಸವೆದಿದೆ, ಎಳೆದದ್ದಕ್ಕಿಂತ ಟಾರು ರೋಡಲ್ಲಿ ಕಲ್ಲು ಸಾಗಿಸಿಯೇ ಜಾಸ್ತಿ. ಹೊಸದು ಹಾಕುವಾಗ 14.9-28 ಹಾಕುವ ಆಲೋಚನೆ ಉಂಟು, ಅಗಲವೂ ಸಿಗ್ತದೆ, ನೀರೂ ಜಾಸ್ತಿ ಹಿಡೀತದೆ. ಆದ್ರೆ ನಮ್ಮ ಕೇಜ್ ವೀಲ್ ಈಗಿನ ರಿಮ್ಮಿನ ಅಳತೆಗೆ ಮಾಡಿಸಿದ್ದು, ಅದು ಕೂರ್ತದಾ ಅಂತ ಅಳತೆ ತೆಗೆದು ನೋಡಿಯೇ ಟಯರಿಗೆ ದುಡ್ಡು ಕೊಡೂದು.