ಎರ್ಗ್ನೆತಿ ಹಾಟ್‌ಲೈನ್: ಫೋನ್ ಗಟ್ಟಿ, ಸಭೆ ಮಾತ್ರ ನೆಚ್ಚಿಕೊಳ್ಳುವಂತಿಲ್ಲ

ಜಾರ್ಜಿಯಾ ಮತ್ತು ಅದರಿಂದ ಬೇರ್ಪಟ್ಟ ದಕ್ಷಿಣ ಒಸ್ಸೇಟಿಯಾ ನಡುವಿನ ಗಡಿರೇಖೆಗೆಂದು 2009ರಲ್ಲಿ ಜಿನೀವಾ ಮಾತುಕತೆಯಿಂದ ಹುಟ್ಟಿದ ಘಟನೆ ತಡೆ ವ್ಯವಸ್ಥೆಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಹಾಟ್‌ಲೈನ್. ಐರೋಪ್ಯ ಒಕ್ಕೂಟದ ನಿಗಾ ದಳ ಅದನ್ನು 24 ಗಂಟೆಯೂ ನಡೆಸುತ್ತದೆ. ದನ ಹುಡುಕುತ್ತಾ ಹೋದ ರೈತ ಗೆರೆ ದಾಟಿ ಸಿಕ್ಕಿಬಿದ್ದ ಅನ್ನಿ: ತಕ್ಷಣ ಕರೆ ಹೋಗುತ್ತದೆ, ಎಲ್ಲಿಟ್ಟಿದ್ದಾರೆ, ಯಾವಾಗ ಬಿಡುತ್ತಾರೆ ಎಂದು ವಿಚಾರಣೆ ಶುರು. ಕಾಲುವೆ ನೀರಿನ ತಕರಾರು, ತುರ್ತು ರೋಗಿಯನ್ನು ದಾಟಿಸುವುದು, ಎಲ್ಲಕ್ಕೂ ಇದೇ ದಾರಿ.

ಗೆರೆ ಬಳಿಯ ಎರ್ಗ್ನೆತಿ ಹಳ್ಳಿಯಲ್ಲಿ ಎರಡೂ ಕಡೆಯವರು ಕೂರುವ ಮುಖಾಮುಖಿ ಸಭೆ ಮಾತ್ರ ಮುನಿಸಿಗೆ ಮೊದಲ ಬಲಿ. 2019ರಲ್ಲಿ ಗೆರೆ ಬಳಿಯ ಚೋರ್ಚಾನಾ ಹಳ್ಳಿಯಲ್ಲಿ ಜಾರ್ಜಿಯಾ ತೆರೆದ ಪೊಲೀಸ್ ಠಾಣೆಯ ಜಗಳಕ್ಕೆ ಸುಮಾರು ಒಂದು ವರ್ಷ ನಿಂತಿತು. ಜಾರ್ಜಿಯಾದಿಂದ ಬೇರ್ಪಟ್ಟ ಇನ್ನೊಂದು ಪ್ರದೇಶ ಅಬ್ಖಾಜಿಯಾ ಕಡೆಗೆ ಗಾಲಿ ಊರಿನಲ್ಲಿ ನಡೆಯುತ್ತಿದ್ದ ಇಂಥದೇ ಸಭೆಯಂತೂ 2018ರಲ್ಲಿ ಮುರಿದದ್ದು ವರ್ಷಗಟ್ಟಲೆ ಮತ್ತೆ ಸೇರಲೇ ಇಲ್ಲ.

ದೊಡ್ಡ ಕೊರತೆ ಇನ್ನೊಂದು: ನಿಗಾ ದಳದ ನಿಶ್ಶಸ್ತ್ರ ವೀಕ್ಷಕರಿಗೆ ಗೆರೆಯಾಚೆ ಪ್ರವೇಶವೇ ಇಲ್ಲ. ಮುಳ್ಳುತಂತಿಯ ಈಚೆಯಿಂದ ದುರ್ಬೀನಿನಲ್ಲಿ ಕಂಡಷ್ಟೇ ಕಂಡದ್ದು.